ಖಾದರ್ ಸಾಹೇಬರು ಬರೆದ ಊರು

ದಾರ ಹಿಡಿಯದೆ, ಕೈ ಎತ್ತದೆ, ಒಂದೇ ಎಳೆತಕ್ಕೆ ಖಾದರ್ ಸಾಹೇಬರು ಕರಿಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದರು. ಎಲ್ಲಿಯೂ ಸೊಟ್ಟಗಾಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಹರಟುತ್ತಿದ್ದವರೂ ಸುಮ್ಮನಾಗುತ್ತಿದ್ದರು. ಬೆರಳಿನ ಸುಣ್ಣವನ್ನು ಕೋಟಿಗೇ ಒರೆಸಿಕೊಂಡು, "ಊರು ಅಂದ್ರ ಹಿಂಗಿರಬೇಕ್ರೀ. ನಡುವ ನಿಂತ್ರ ಎಲ್ಲಾ ಮನಿ ಅಷ್ಟ ದೂರ. ಮುಂದಿನ ಮನಿ ಇಲ್ಲ, ಹಿಂದಿನ ಮನಿ ಇಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ರಾಯಚೂರಿನ ಕಾಲೇಜೊಂದರಲ್ಲಿ ಅವರು ರಾಜ್ಯಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಅವರದು ಮಾನ್ವಿ. ತಾಯಿಯೊಡನೆ ದಖನಿ ಉರ್ದು, ನಮ್ಮೊಡನೆ ಅಚ್ಚ ರಾಯಚೂರಿನ ಮಾತು. ಮದುವೆಯಾಗಿರಲಿಲ್ಲ. ನಾಲ್ಕೈದು ನೂರು ವರ್ಷಗಳ ಹಿಂದೆ ಯುರೋಪಿನ ಪಂಡಿತರು ಕಲ್ಪಿಸಿಕೊಂಡ ಆದರ್ಶ ನಾಡುಗಳ ಪಾಠವೆಂದರೆ ಅವರಿಗೆ ಪ್ರಾಣ. ಬಾಗಿಲಿಗೆ ಬೀಗವಿಲ್ಲದ ದ್ವೀಪ, ಬಂಗಾರಕ್ಕೆ ಬೆಲೆಯಿಲ್ಲದ ಪೇಟೆ, ಗೋಡೆಗೋಡೆಯ ಮೇಲೂ ವಿದ್ಯೆ ಬರೆದಿಟ್ಟ ಪಟ್ಟಣ. ಆ ದ್ವೀಪದವರು ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಿಸುತ್ತಾರಂತೆ ಎನ್ನುವಾಗ ಮಾತ್ರ ಅವರ ದನಿ ತಗ್ಗುತ್ತಿತ್ತು, ತಮ್ಮ ಮನೆಯದೇ ಶುಭಸುದ್ದಿ ಹೇಳುವವರ ಹಾಗೆ.

"ಅವೆಲ್ಲಾ ಪುಸ್ತಕದಾಗಿನ ಊರು ಸಾಹೇಬ್ರ" ಎಂದು ನಾನು ಕೆಣಕಿದರೆ ನಗುತ್ತಿದ್ದರು. "ಎಲ್ಲ್ಯಾರ ಒಂದು ಕಡಿ ಮಣ್ಣಿಗೆ ಬರಬೇಕಲ್ರೀ?"

ಬಂತು. ಒಂದು ಮಳೆಗಾಲ ಕೃಷ್ಣೆ ಉಕ್ಕಿ, ಗೂಗಲ್ ಎಂಬ ಊರಿನಿಂದಾಚೆ ದಂಡೆಗೆ ಹತ್ತಿಕೊಂಡಿದ್ದ ಸಣ್ಣ ಹಳ್ಳಿಯೊಂದು ಕೊಚ್ಚಿಹೋಯಿತು. ಅಲ್ಲಿನವರಿಗೆ ದೇವದುರ್ಗದ ದಾರಿಯ ದಿಬ್ಬದ ಮೇಲೆ ಮನೆ ಕಟ್ಟಿಕೊಡುವುದೆಂದಾಯಿತು. ಆ ಕೆಲಸಕ್ಕೆ ಬಂದ ಅಧಿಕಾರಿ ಖಾದರ್ ಸಾಹೇಬರ ಹಳೆಯ ಶಿಷ್ಯನೇ. ಗುರುಗಳ ಕೈಯಲ್ಲೇ ನಕ್ಷೆ ಬರೆಸಿದ. ನಡುವೆ ಬಾವಿ, ಸುತ್ತಲೂ ದುಂಡಗೆ ಒಂದೇ ಅಳತೆಯ ಮನೆಗಳು. ಯಾರಿಗೆ ಯಾವುದು ಎಂಬುದಕ್ಕೆ ಚೀಟಿ.

ಚೀಟಿ ಎತ್ತುವ ದಿನ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಳೆಯ ಊರಿನಲ್ಲಿ ಹೊರಗಿನ ಕೇರಿಯಲ್ಲಿದ್ದ, ಊರ ಬಾವಿಯನ್ನು ಎಂದೂ ಮುಟ್ಟದ ದುರ್ಗವ್ವನಿಗೆ ಗೌಡರ ಮಗ್ಗುಲಿನ ಮನೆ ಬಂತು. ಗಂಡ ತೀರಿಹೋಗಿದ್ದ, ಒಬ್ಬಳೇ ಮಗಳು. ಹೊಸ್ತಿಲ ಹೊರಗೇ ನಿಂತು ಕೇಳಿದಳು:

"ಸಾಹೇಬ್ರ, ಇದು ಖರೇನ ನಂದಾ? ಬಾವಿ ಎದುರಿಗೇ ಅದ."

"ನಿಂದ ಯವ್ವಾ. ಯಾರು ಕೇಳಿದ್ರೂ ಬಿಡಬ್ಯಾಡ."

"ನೀವು ಅಂದಮ್ಯಾಗ ಮುಗೀತು" ಎಂದು ಒಳಗೆ ಕಾಲಿಟ್ಟಳು. ಬಸ್ಸು ರಾಯಚೂರು ಮುಟ್ಟುವವರೆಗೂ ಸಾಹೇಬರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಯುಗಾದಿಯ ಹೊತ್ತಿಗೆ ಮತ್ತೆ ಹೋದೆವು. ಮನೆಗಳು ಹಾಗೇ ಇದ್ದವು, ಒಳಗಿನ ಜನ ಬದಲಾಗಿದ್ದರು. ಜಗಳವಿಲ್ಲ, ಬೈಗುಳವಿಲ್ಲ, ಮಾತಾಡಿಕೊಂಡು ಅದಲುಬದಲು ಮಾಡಿಕೊಂಡಿದ್ದರು. ಒಂದು ಸುತ್ತು ಬರುವಷ್ಟರಲ್ಲಿ ಹಳೆಯ ಊರಿನ ಓಣಿಗಳೆಲ್ಲ ಅದೇ ಸಾಲಿನಲ್ಲಿ ಸಿಕ್ಕವು. ಕೇರಿಯವರು ದಿಬ್ಬದ ಕೆಳಗೆ ಗುಡಿಸಲು ಹಾಕಿಕೊಂಡಿದ್ದರು. ಅವರು ಬಿಟ್ಟ ಮನೆಗಳಲ್ಲಿ ಮೇವು, ಜೋಳದ ಚೀಲ. ಗೌಡರು ಚಹಾ ತರಿಸಿದರು. ಕೆಟ್ಟ ಮನುಷ್ಯರೇನಲ್ಲ.

"ಮನಿ ಭಾಳ ಛಲೋ ಅವ ಸಾಹೇಬ್ರ. ಬಾಜೂ ಮನಿಯವರನ್ನಷ್ಟ ಬದ್ಲಿ ಮಾಡಿಕೊಂಡೀವಿ."

ಜಾಗ ಬಿಡದೆ ಉಳಿದಿದ್ದವಳು ದುರ್ಗವ್ವ ಒಬ್ಬಳೇ. ಅದನ್ನು ಕಂಡು ಸಾಹೇಬರ ಮುಖ ಅರಳಿತು. "ಒಬ್ಬಾಕಿ ಸಾಕ್ರೀ, ಒಬ್ಬಾಕಿ ಇದ್ರ ಊರು ಇದ್ದಂಗ" ಎಂದರು.

ಬೇಸಿಗೆ ಕಳೆಯುವುದರೊಳಗೆ ದುರ್ಗವ್ವನೇ ಕಾಲೇಜಿಗೆ ಬಂದಳು. ಹೊಲದ ಕೆಲಸಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಅಂಗಡಿಯವನು ಉಪ್ಪು ಕೊಡುತ್ತಿರಲಿಲ್ಲ. ಬಾವಿಗೆ ಹೋದ ಮಗಳ ಮೇಲೆ ಎಲ್ಲಿಂದಲೋ ಕಲ್ಲು ಬಿದ್ದು ಒಂದು ಕಣ್ಣು ಹೋಗಿತ್ತು. ಎಸೆದವರು ಯಾರೆಂದು ಊರಿನಲ್ಲಿ ಒಬ್ಬರೂ ಬಾಯಿಬಿಡಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯ ಕೈ ಹಿಡಿದುಕೊಂಡು ವರಾಂಡದಲ್ಲಿ ನಿಂತಿದ್ದಳು. ಅಳಲಿಲ್ಲ, ದೂರಲೂ ಇಲ್ಲ.

"ಬಿಡಬ್ಯಾಡ ಅಂದಿದ್ರಿ ಸಾಹೇಬ್ರ, ಅದಕ್ಕ ಕೇಳಾಕ ಬಂದೀನಿ. ಇನ್ನ ಬಿಡ್ಲೇನ್ರೀ?"

ಬಿಡು ಎಂಬಂತೆ ಸಾಹೇಬರು ತಲೆಯಾಡಿಸಿದರು. ಅಂದಿನ ಬಸ್ಸಿಗೇ ಅವಳೊಡನೆ ಹೋದರು, ನಾನೂ ಹೋದೆ. ಅವಳ ಗಡಿಗೆ, ಕೌದಿಗಳನ್ನು ಅವರೇ ಹೊತ್ತು ದಿಬ್ಬ ಇಳಿಸಿದರು. ಬೀಸುವ ಕಲ್ಲಿಗೆ ಗೌಡರು ಬಂಡಿ ಕಳಿಸಿಕೊಟ್ಟರು. ಸಾಹೇಬರು ಬೇಡವೆನ್ನಲಿಲ್ಲ. ಸಂಜೆಯ ಹೊತ್ತಿಗೆ ಆ ಮನೆಯಲ್ಲೂ ಯಾರೋ ಮೇವು ತುಂಬತೊಡಗಿದ್ದರು.

ಆಮೇಲೆ ಆ ಪಾಠ ಬಂದಾಗಲೆಲ್ಲ ಅವರು ರಜೆ ಹಾಕುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ನೌಕರಿಯನ್ನೂ ಬಿಟ್ಟು ಮಾನ್ವಿ ಸೇರಿದರು.

ಕೊನೆಯ ಸಲ ನಾನು ಅವರನ್ನು ಕಂಡದ್ದು ಎಂಬತ್ತರ ದಶಕದ ನಡುವೆ, ಪಕ್ಕದ ನೀರಮಾನ್ವಿಗೆ ಹೋಗಿ ಹಿಂತಿರುಗುವಾಗ, ಮಾನ್ವಿಯ ಅವರ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಅದಾಗಿ ಕೆಲವೇ ತಿಂಗಳಿಗೆ ಹೋಗಿಬಿಟ್ಟರು. ಅಂದು ಅವರನ್ನು ಸ್ವಲ್ಪ ಗೆಲುವಾಗಿಸಲೆಂದು, "ಹುಡುಗ್ರು ನಿಮ್ಮ ಪಾಠ ಕೇಳಬೇಕಂತಾರ ಸಾಹೇಬ್ರ. ಆರಾಮಾದ ಮ್ಯಾಲೆ ಒಂದು ಸಲ ಬಂದು ಹೇಳ್ರಲ್ಲ" ಎಂದೆ.

"ಆ ಪಾಠ ಯಾರೂ ಹೇಳಬಾರದ್ರೀ."

"ಯಾಕ ಸಾಹೇಬ್ರ? ನೀವು ನಂಬಿದ್ದು ತಪ್ಪೇನಲ್ಲ."

ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿದರು. ನಿದ್ದೆ ಹತ್ತಿತೇನೋ ಎಂದು ನಾನು ಎದ್ದು ನಿಂತೆ. ಆಗ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ನಾ ನಂಬಿದ್ದು ಹೋಗ್ಲಿ. ಆಕಿ ನಂಬಿದ್ಳಲ್ರೀ."