ಪಾದಧೂಳಿ ಸಾಹೇಬರ ಪಾಲಿಶ್

ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರನ್ನು ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಯಾರು ಎದುರಾದರೂ ಎರಡು ಕೈ ಜೋಡಿಸಿ, "ನಾನೇನು ಮಹಾ, ಸಂಗತದ ಪಾದಧೂಳಿ" ಎನ್ನುತ್ತಿದ್ದುದರಿಂದ ಅವರು ಎಲ್ಲರ ಬಾಯಲ್ಲೂ ಪಾದಧೂಳಿ ಸಾಹೇಬರಾದರು. ಸಂಗತ ಎಂದರೆ ಗುರುದ್ವಾರದಲ್ಲಿ ಸೇರುವ ಭಕ್ತಮಂಡಳಿ. ಗಾತ್ರ ಮಾತ್ರ ಧೂಳಿನದಲ್ಲ. ಗಂಜಿ ಹಾಕಿದ ಪಗಡಿ, ಹೊಟ್ಟೆಯ ಮೇಲೆ ವಿಶ್ರಾಂತಿ ಪಡೆಯುವ ಗಡ್ಡ ಸಮೇತ ಅವರು ಬಾಗಿಲಿಗೆ ಬಂದು ನಿಂತರೆ, ಒಳಗಿದ್ದವರು ಸಂಜೆಯಾಯಿತೆಂದು ದೀಪ ಹಾಕುತ್ತಿದ್ದರು.

ನಲ್ಲಿ, ಪೈಪು, ಷವರು ಮಾರುವ ಅಂಗಡಿ ಅವರದು. ಅಲ್ಲಿ ಅವರು ಕುರ್ಚಿ ಬಿಟ್ಟು ಎದ್ದದ್ದನ್ನು ಕಂಡವರಿಲ್ಲ. ಕೈಜಾರಿ ಬಿದ್ದ ವಾಷರನ್ನು ತಾವೇ ಎತ್ತಿಕೊಳ್ಳುವ ಬದಲು, ಊಟಕ್ಕೆ ಹೋದ ಕೆಲಸದವನು ಬರುವ ತನಕ ಅದನ್ನೇ ದುರುಗುಟ್ಟಿಕೊಂಡು ಕೂರುತ್ತಿದ್ದರು. ಅದೇ ಮನುಷ್ಯ ಭಾನುವಾರ ಗುರುದ್ವಾರದ ಮೆಟ್ಟಿಲು ಹತ್ತಿದರೆಂದರೆ ಬೆನ್ನುಮೂಳೆ ಬೆಣ್ಣೆಯಾಗುತ್ತಿತ್ತು. ಅಲ್ಲಿನ ಜೋಡುಗಳ ಕೋಣೆ ಅವರ ಸಾಮ್ರಾಜ್ಯ. ಪ್ರಾರ್ಥನೆಗೆ ಬಂದವರು ಕಿಟಕಿಯಲ್ಲಿ ಚಪ್ಪಲಿ, ಶೂ ಕೊಡಬೇಕು. ಸಾಹೇಬರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೆ ಮುಟ್ಟಿಸಿ, ಗೂಡಿನಲ್ಲಿಟ್ಟು, ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ಹಣೆಗೆ ಅಂಟಿದ ಮಣ್ಣನ್ನು ಒರೆಸುವ ಮಾತೇ ಇಲ್ಲ. ಮಳೆ ಬಂದ ದಿನ ಮನೆಗೆ ಹೋಗುವಾಗ ಅವರು ಕೊಡೆ ಬಿಚ್ಚುತ್ತಿದ್ದುದು ತಲೆ ನೆನೆಯದಿರಲಿ ಎಂದಲ್ಲ, ಆ ಮಣ್ಣು ತೊಳೆದುಹೋಗದಿರಲಿ ಎಂದು.

"ಏನ್ರೀ," ಎಂದು ಹೆಂಡತಿ ಒಮ್ಮೆ ಕೇಳಿಯೇಬಿಟ್ಟರು, "ಊರೋರ ಚಪ್ಪಲಿನೆಲ್ಲ ತಲೆಗೆ ಒತ್ಕೋತೀರಿ. ನಿಮ್ಮದು ಮಾತ್ರ ನಡುಮನೇಲಿ ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಬಿದ್ದಿರತ್ತೆ. ನಾನು ಎಡವಿ ಹಲ್ಲು ಮುರ್ಕೋಬೇಕಾ?"

"ಮನೇಲಿ ಸೇವೆ ಮಾಡಿದ್ರೆ ಯಾರ್ ನೋಡ್ತಾರೆ?" ಎಂದ ಸಾಹೇಬರು ನಾಲಿಗೆ ಕಚ್ಚಿಕೊಂಡು, "ಅಂದ್ರೆ... ದೇವರು ಅಂತ ಹೇಳ್ದೆ ಕಣೇ" ಎಂದು ತೇಪೆ ಹಾಕಿದರು.

'ನಾನು, ನಾನು' ಎನ್ನುವ ಕಾಯಿಲೆಗೆ ಸಿಖ್ಖರು ಹೌಮೈ ಎನ್ನುತ್ತಾರೆ. ಅದಕ್ಕೆ ಮದ್ದೆಂದೇ ಸೇವೆ. ಸಾಹೇಬರ ಪ್ರಕಾರ ಆ ಕಾಯಿಲೆಯನ್ನು ಅವರು ಬೇರುಸಹಿತ ಕಿತ್ತೆಸೆದಿದ್ದರು. ಈ ವಿಷಯದಲ್ಲಿ ತಮ್ಮನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲವೆಂದು ಎದೆಯುಬ್ಬಿಸಿ ಹೇಳುತ್ತಿದ್ದರು.

ಅಂಥವನು ಹುಟ್ಟಿದ್ದಷ್ಟೇ ಅಲ್ಲ, ರಿಟೈರಾಗಿ ಇದೇ ಊರಿಗೆ ಬಂದ. ಜಡ್ಜ್ ಆಗಿದ್ದವರು. ಒಂದು ಭಾನುವಾರ ಸದ್ದಿಲ್ಲದೆ ಜೋಡುಗಳ ಕೋಣೆಗೆ ಬಂದು, ಅಂಗಿಯ ತೋಳು ಮಡಚಿ, ಸಾಹೇಬರ ಪಕ್ಕದಲ್ಲೇ ನಿಂತರು. ಅಷ್ಟೇ, ಕಿಟಕಿಯ ಮುಂದಿನ ಸಾಲು ಕರಗಿ ನೀರಾಯಿತು.

"ಅಬ್ಬಬ್ಬಾ, ಎಷ್ಟು ಜನಾನ ಜೈಲಿಗೆ ಕಳ್ಸಿದ ಕೈ! ಈಗ ನಮ್ಮ ಚಪ್ಪಲಿ ಮುಟ್ತಿದೆ ನೋಡ್ರೀ!" ಎಂದು ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಹೇಬರು ಇಷ್ಟು ಕಾಲ ಬಗ್ಗಿ ಬಗ್ಗಿ ಸೊಂಟ ಸವೆಸಿಕೊಂಡಿದ್ದರೂ ಅವರಿಗಾಗಿ ಯಾರೊಬ್ಬರೂ ಕಣ್ಣೀರು ಹಾಕಿರಲಿಲ್ಲ. ಅಂದೇ ಅವರಿಗೆ ಜ್ಞಾನೋದಯವಾಯಿತು. ಎಷ್ಟು ಬಗ್ಗಿದೆ ಎಂದು ಯಾರೂ ನೋಡುವುದಿಲ್ಲ, ಎಷ್ಟು ಎತ್ತರದಿಂದ ಬಗ್ಗಿದೆ ಎನ್ನುವುದಕ್ಕೇ ಬೆಲೆ. ನಲ್ಲಿ ಅಂಗಡಿಯ ಕುರ್ಚಿಯಿಂದ ನೆಲಕ್ಕೆ ಇರುವ ದೂರವಾದರೂ ಎಷ್ಟು? ಈ ಜಡ್ಜ್ ಹೀಗೇ ಮುಂದುವರಿದರೆ ಊರಿನ ಮೊದಲ ವಿನಯವಂತನ ಪಟ್ಟ ಕೈತಪ್ಪುವುದು ಖಂಡಿತ.

ನೇರವಾಗಿ ಗ್ರಂಥಿಗಳ ಬಳಿಗೆ ಹೋದರು. ಗುರುದ್ವಾರದಲ್ಲಿ ಪವಿತ್ರ ಗ್ರಂಥ ಓದುವವರು ಅವರು, ಮಾತು ಕಡಿಮೆ.

"ಬಾಬಾಜಿ, ಜಡ್ಜ್ ಸಾಹೇಬ್ರಿಗೆ ವಯಸ್ಸಾಯ್ತು ಪಾಪ. ಅಡುಗೆಮನೇಲಿ ಕೂತು ತರಕಾರಿ ಹೆಚ್ಚಲಿ."

"ಅವರು ನಿಮಗಿಂತ ಚಿಕ್ಕೋರಂತಲ್ಲ?"

"ವಯಸ್ಸಿನ ಮಾತು ಹಾಗಿರ್ಲಿ. ಅವರಲ್ಲಿ ಸ್ವಲ್ಪ ಹೌಮೈ ಇದ್ದ ಹಾಗಿದೆ. ನಂಗೆ ತಟ್ ಅಂತ ವಾಸನೆ ಹತ್ಬಿಡತ್ತೆ."

"ವಾಸನೆ ಬರ್ತಿರೋದು ನಿಜ," ಎಂದು ಗ್ರಂಥಿಗಳು ಗಡ್ಡದೊಳಗೇ ನಕ್ಕರು. "ಎಲ್ಲಿಂದ ಅಂತ ನೋಡ್ಕೊಳ್ಳಿ."

ಸಾಹೇಬರು ನೋಡಿಕೊಳ್ಳಲಿಲ್ಲ, ಪೈಪೋಟಿಗಿಳಿದರು. ಜಡ್ಜ್ ಬೇಗ ಬಂದರೆ ಇವರು ಇನ್ನೂ ಬೇಗ. ಹಾಗೇ ಬಿಟ್ಟಿದ್ದರೆ ಭಾನುವಾರದ ಸೇವೆಗೆ ಇಬ್ಬರೂ ಗುರುವಾರವೇ ಬಂದು ನಿಲ್ಲುತ್ತಿದ್ದರು. ಒಂದು ವಾರ ಜಡ್ಜ್ ತಮ್ಮದೇ ಕರ್ಚೀಫಿನಿಂದ ಶೂಗಳ ಧೂಳು ಒರೆಸಿದರು. ಮರುವಾರ ಸಾಹೇಬರು ಕಪ್ಪು ಪಾಲಿಶ್ ಡಬ್ಬಿ, ಕುದುರೆಯ ಮೈ ಉಜ್ಜುವಷ್ಟು ದೊಡ್ಡ ಬ್ರಶ್ ಹಿಡಿದುಕೊಂಡು ಬಂದರು.

ಒಳಗೆ ಕೀರ್ತನೆ ನಡೆದಿತ್ತು. ಇಲ್ಲಿ ಸಾಹೇಬರ ಕೈ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ಜಡ್ಜ್ ಒಂದು ಗೂಡು ಒರೆಸುವಷ್ಟರಲ್ಲಿ ಇವರು ಒಂದು ಸಾಲು ಮುಗಿಸುತ್ತಿದ್ದರು. ಆ ವೇಗದಲ್ಲಿ ಬಣ್ಣ ಯಾರು ನೋಡುತ್ತಾರೆ? ಕಂದು, ಕೆಂಪು, ಬೂದಿ, ಎಲ್ಲವೂ ಅಮಾವಾಸ್ಯೆಯಾದವು. ಇನ್ನೊಂದು ಗಳಿಗೆ ಸಿಕ್ಕಿದ್ದರೆ ಜಡ್ಜ್ ಸಾಹೇಬರ ಬಿಳಿಗಡ್ಡಕ್ಕೂ ಒಂದು ಕೈ ಹಚ್ಚುತ್ತಿದ್ದರೇನೋ.

ಕೀರ್ತನೆ ಮುಗಿದು ಜನ ಹೊರಬಂದರು. ಮೊದಲ ಬಿಲ್ಲೆ ಚಾಚಿದವಳು ಒಬ್ಬ ನರ್ಸ್ ಹುಡುಗಿ.

"ಅಂಕಲ್, ಬಿಲ್ಲೆ ನಂದು, ಶೂ ನಂದಲ್ಲ."

"ನಿಂದೇ ಮಗಳೇ. ಹೇಗೆ ಹೊಳೀತಿದೆ ನೋಡು!"

"ನಂದು ಬಿಳೀದು!"

"ಗುರುವಿನ ಮನೇಲಿ ಕರಿ ಬಿಳಿ ಅಂತ ಭೇದ ಇಲ್ಲಮ್ಮ."

"ಗುರುವಿನ ಮನೇಲಿಲ್ಲ, ನಮ್ಮ ಆಸ್ಪತ್ರೇಲಿದೆ! ಮಧ್ಯಾಹ್ನ ಡ್ಯೂಟಿ ನಂಗೆ. ಮೇಟ್ರನ್ ಬಾಗಿಲಲ್ಲೇ ನಿಂತು ಕಾಲು ನೋಡ್ತಾರೆ. ಯೂನಿಫಾರ್ಮ್ ಸರಿಯಿಲ್ಲ ಅಂತ ಆಗ್ಲೇ ಬೈಸ್ಕೊಂಡಿದೀನಿ. ಇವತ್ತೂ ಸಿಕ್ಕಾಕ್ಕೊಂಡ್ರೆ ಕೆಲಸ ಹೋಗತ್ತೆ ಅಂಕಲ್!"

ಸಾಲು ಗುಸುಗುಸು ಎಂದಿತು. ಸಾಹೇಬರಿಗೆ ಇದು ಸುವರ್ಣಾವಕಾಶವಾಗಿ ಕಂಡಿತು. ಕೋಣೆಯಿಂದ ಹೊರಗೆ ಧಾವಿಸಿ, ಆಕೆಯ ಮುಂದೆ ಉದ್ದಕ್ಕೆ ಬಿದ್ದು, "ತಾಯೀ, ನಾನು ನಿನ್ನ ಪಾದಧೂಳಿ, ಕ್ಷಮಿಸು!" ಎಂದು ಗೋಗರೆದರು. ಜಡ್ಜ್ ನೋಡುತ್ತಿದ್ದಾರೋ ಇಲ್ಲವೋ ಎಂದು ಒಂದು ಕಣ್ಣು ಕಿಟಕಿಯ ಕಡೆಗಿತ್ತು.

"ಕಾಲು ಬಿಡಿ ಅಂಕಲ್," ಎಂದಳು ಹುಡುಗಿ. "ಧೂಳಾಗಿದ್ರೆ ನಾನೇ ಒರೆಸ್ಕೋತಿದ್ದೆ. ಇದು ಪಾಲಿಶ್. ತೊಳ್ಕೊಡಿ."

"ಇಲ್ಲೇ, ಎಲ್ಲರೆದುರೇ ತೊಳೀತೀನಿ!"

"ಇಲ್ಲಿ ಬೇಡ," ಎಂದು ಹಿಂದಿನಿಂದ ಗ್ರಂಥಿಗಳ ದನಿ ಬಂತು. "ಹಿತ್ತಲ ನಲ್ಲಿ ಹತ್ರ ಹೋಗಿ. ಬಾಗಿಲು ಹಾಕ್ಕೊಳ್ಳಿ, ನೀರು ಸಿಡಿಯತ್ತೆ."

ಹಿತ್ತಲಿನಲ್ಲಿ ಯಾರೂ ಇರಲಿಲ್ಲ. ಆ ನಲ್ಲಿ ಸಾಹೇಬರದೇ ದಾನ. ಮೇಲೆ 'ಹೆಸರು ಬಯಸದ ದಾಸನ ಕೊಡುಗೆ' ಎಂಬ ಫಲಕ, ಕೆಳಗೆ ಅಂಗಡಿಯ ಫೋನ್ ನಂಬರು. ತಿರುಪಿದರೆ ನೀರು ಸುಲಭಕ್ಕೆ ಬರುತ್ತಿರಲಿಲ್ಲ, ಬಂದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಸೋಪು ಹಚ್ಚಿ ಉಜ್ಜತೊಡಗಿದರು. ಎರಡು ಬಾರಿ ಜೋರಾಗಿ ಕೆಮ್ಮಿದರು. ಗೋಡೆಯ ಹಲ್ಲಿ ಬಿಟ್ಟರೆ ಯಾರೂ ತಿರುಗಿ ನೋಡಲಿಲ್ಲ. ಊರೆಲ್ಲ ಊಟದ ಸಾಲಿನಲ್ಲಿ ಕೂತಿತ್ತು.

ಶೂ ಬೋರಲು ಹಾಕಿದಾಗ ಒಳಗಿನಿಂದ ರಟ್ಟಿನ ತುಂಡೊಂದು ಜಾರಿಬಿತ್ತು. ಅಟ್ಟೆ ತೂತಾಗಿತ್ತು, ಹುಡುಗಿ ಪಾದದ ಅಳತೆಗೆ ರಟ್ಟು ಕತ್ತರಿಸಿ ಇಟ್ಟುಕೊಂಡಿದ್ದಳು. ಸಾಹೇಬರು ಅದನ್ನು ನೆನೆಯದಂತೆ ತೆಗೆದು ಗೋಡೆಗೊರಗಿಸಿದರು. ಆಮೇಲೆ ಕೆಮ್ಮಲಿಲ್ಲ. ತೋಳು ಒದ್ದೆಯಾಯಿತು, ಪಗಡಿ ವಾಲಿತು, ಉಗುರು ಕಪ್ಪಾಯಿತು. ಹೊಲಿಗೆಯ ಸಂದಿನಲ್ಲಿದ್ದ ಕಪ್ಪನ್ನು ಉಗುರಿನಿಂದಲೇ ಕೆರೆದರು. ಆ ಹೊತ್ತಿನ ಮಟ್ಟಿಗೆ ತಾವು ವಿನಯವಂತರೆಂಬುದೇ ಅವರಿಗೆ ಮರೆತುಹೋಗಿತ್ತು.

ಶೂ ಬಿಳಿಯಾಯಿತು, ಅಥವಾ ದೂರದಿಂದ ನೋಡುವ ಮೇಟ್ರನ್‌ಗೆ ಸಾಕಾಗುವಷ್ಟಾಯಿತು. ಹುಡುಗಿ ರಟ್ಟನ್ನು ಒಳಗಿಟ್ಟು, ಕಾಲು ತೂರಿಸಿ ಬಸ್ಸಿಗೆ ಓಡಿದಳು. ಮುಂದಿನ ಭಾನುವಾರ ಅದೇ ಶೂನಲ್ಲಿ ಬಂದಳು, ಕೆಲಸ ಉಳಿದಿತ್ತು. ಶೂ ಮಾತ್ರ ಜಡ್ಜ್ ಕೈಗೇ ಕೊಟ್ಟಳು.

ಶೂ ತೊಳೆದ ದಿನ ಸಂಜೆ ಹೆಂಡತಿ, "ಇದೇನ್ರೀ, ಉಗುರೆಲ್ಲ ಕಪ್ಪು?" ಎಂದರೆ, ಸಾಹೇಬರು "ಏನಿಲ್ಲ ಬಿಡು" ಎಂದರು. ಒಳಗಿದ್ದ ಮಾತು ಹೊರಬರಲಾರದೆ ಕೆನ್ನೆ ಎರಡೂ ಬಲೂನಿನಂತೆ ಊದಿಕೊಂಡವು. ಮರುದಿನ ಬೆಳಿಗ್ಗೆ ಅಂಗಡಿಗೆ ಷವರು ಕೊಳ್ಳಲು ಬಂದವರನ್ನು ಹಿಡಿದು ಕೂರಿಸಿ, "ನಿನ್ನೆ ಒಂದು ಸೇವೆ ಮಾಡ್ದೆ. ಏನು ಅಂತ ಕೇಳ್ಬೇಡಿ, ನಾನು ಹೇಳೋನಲ್ಲ. ಅಂಥಾದ್ದನ್ನೆಲ್ಲ ಹೇಳ್ಕೋಬಾರ್ದು" ಎಂದರು.

ಮುಚ್ಚಿದ ಬಾಗಿಲ ಹಿಂದೆ ತಾವು ಏನು ಮಾಡಿದರೆಂದು ಸಾಹೇಬರು ಇಂದಿಗೂ ಯಾರಿಗೂ ಹೇಳಿಲ್ಲ. ಹೇಳಿಲ್ಲ ಎನ್ನುವುದನ್ನು ಅವರ ಬಾಯಿಂದಲೇ ಕೇಳದವರು ಊರಿನಲ್ಲಿ ಉಳಿದಿಲ್ಲ. ಜಡ್ಜ್ ಸಾಹೇಬರಿಗಂತೂ ಮನೆಗೇ ಹೋಗಿ ತಿಳಿಸಿ ಬಂದಿದ್ದಾರೆ.