ಅಳಬಾರದೆಂದಿದ್ದ ಹತ್ತು ದಿನ

ಕಳೆದ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆದರು. ಬೆಳಿಗ್ಗೆ ಹೋದವಳು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆ. ಆದರೆ ಶಸ್ತ್ರಕ್ರಿಯೆಗೆ ಮೊದಲು ನರ್ಸು ರೆಪ್ಪೆಯ ಸುತ್ತ ಹತ್ತಿಯಿಂದ ಒರೆಸಿದಾಗ ಬಂದ ಆ ಅಯೋಡಿನ್ ವಾಸನೆ ನನ್ನನ್ನು ಮಂಗಳೂರಿನ ಒಂದು ಹಳೆಯ ವಾರ್ಡಿಗೆ ಕರೆದೊಯ್ದಿತು... ಅಲ್ಲಿ ಮಲಗಿದ್ದವರು ನಮ್ಮ ಆಚೆಮನೆಯ ದೊಡ್ಡಮ್ಮ.

ನಮ್ಮ ಊರು ಪುತ್ತಿಗೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನನಗೆ ಹದಿನೆಂಟು ವರ್ಷ. ದೊಡ್ಡಮ್ಮನ ಎರಡು ಕಣ್ಣಿಗೂ ಪೊರೆ ಬಂದು ನಾಲ್ಕು ವರ್ಷವಾಗಿತ್ತು. ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣದು. ಅವರಿಗೆ ಮಕ್ಕಳಿರಲಿಲ್ಲ. ಎತ್ತಿನ ಗಾಡಿ ಹೊಡೆಯುತ್ತಿದ್ದ ದೊಡ್ಡಪ್ಪನೇ ಹಟ ಹಿಡಿದು ಅವರನ್ನು ಆಪರೇಷನ್ನಿಗೆ ಒಪ್ಪಿಸಿದ್ದು. ಜೊತೆಗೆ ಹೆಂಗಸೊಬ್ಬಳು ಬೇಕೆಂದು ನನ್ನನ್ನು ಕಳುಹಿಸಿದರು. ಕುಂಬಳೆ ಸ್ಟೇಷನ್ನಿನವರೆಗೆ ದೊಡ್ಡಪ್ಪ ಗಾಡಿಯಲ್ಲಿ ಬಂದರು. ರೈಲು ಹೊರಡುವಾಗ, "ಆರನೇ ದಿನ ಬರ್ತೇನೆ. ಹೆದರ್ಬೇಡ," ಎಂದರು.

ಆಪರೇಷನ್ ಒಂದೇ ಕಣ್ಣಿಗಾದರೂ ಎರಡಕ್ಕೂ ಪಟ್ಟಿ ಕಟ್ಟಿದರು. ತಲೆ ಅಲುಗದಂತೆ ಎರಡು ಬದಿಯಲ್ಲೂ ಮರಳಿನ ಚೀಲ ಇಟ್ಟರು. ಕೆಮ್ಮಬಾರದು, ಜಗಿಯಬಾರದು, ಮಗ್ಗುಲು ಬದಲಿಸಬಾರದು. ಗಂಜಿಯ ತಿಳಿಯನ್ನು ನಾನು ಚಮಚದಲ್ಲಿ ಹಾಕುತ್ತಿದ್ದೆ. ದೊಡ್ಡಮ್ಮ ಕೇಳಿಕೊಂಡದ್ದು ಒಂದೇ: ದಿನಾ ಬೆಳಿಗ್ಗೆ ಹಣೆಗೆ ಕುಂಕುಮ ಇಡಬೇಕು. ಪಟ್ಟಿಯ ಮೇಲೆ ಉಳಿದ ಎರಡು ಬೆರಳಗಲದ ಜಾಗದಲ್ಲಿ ಇಡುತ್ತಿದ್ದೆ.

ಐದನೇ ದಿನ ಅಪ್ಪ ಬಂದರು. ಒಳಗೆ ಬಾರದೆ ನನ್ನನ್ನು ಜಗಲಿಗೆ ಕರೆದರು. ಹಿಂದಿನ ಸಂಜೆ ಎತ್ತುಗಳಿಗೆ ಬೈಹುಲ್ಲು ಎಳೆಯುವಾಗ ದೊಡ್ಡಪ್ಪನಿಗೆ ಹಾವು ಕಚ್ಚಿತ್ತು. ಬೆಳಗಾಗುವ ಮೊದಲೇ ಎಲ್ಲ ಮುಗಿದಿತ್ತು. ಅಪ್ಪ ಡಾಕ್ಟರನ್ನು ಕಂಡು, ದೊಡ್ಡಮ್ಮನಿಗೆ ಹೇಳಬಹುದೇ ಎಂದು ಕೈಮುಗಿದು ಕೇಳಿದರು. "ಈಗ ಅತ್ತರೆ ಗಾಯ ಬಿಚ್ಚಿಕೊಳ್ತದೆ, ಕಣ್ಣು ಹೋಗ್ತದೆ. ಪಟ್ಟಿ ಬಿಚ್ಚುವವರೆಗೆ ಹೇಳಬೇಡಿ," ಎಂದರು ಡಾಕ್ಟರು. ಅಪ್ಪ ನನ್ನ ತಲೆ ಮುಟ್ಟಿ, ಬಂದ ದಾರಿಯಲ್ಲೇ ಹೊರಟುಹೋದರು...

ನಾನು ಮುಖ ತೊಳೆದು ಒಳಗೆ ಬಂದೆ.

"ಯಾರು ಬಂದದ್ದು?"

"ಅಪ್ಪ. ನೀವು ನಿದ್ದೆ ಮಾಡಿದ್ದೀರಿ ಅಂತ ಹೋದ್ರು."

"ನಾನು ನಿದ್ದೆ ಮಾಡ್ಲಿಲ್ಲ ಮಗಳೇ. ಅವರದ್ದು ಎಂತ ಸುದ್ದಿ?"

"ದೊಡ್ಡಪ್ಪನಿಗೆ ಬಾಡಿಗೆ ತುಂಬಾ ಉಂಟಂತೆ. ಬರ್ಲಿಕ್ಕೆ ಆಗುದಿಲ್ಲಂತೆ."

ಅಲ್ಲಿಂದ, ಅಪ್ಪ ಹೇಳಿಹೋದದ್ದೆಂದು ದಿನಕ್ಕೊಂದು ಸುಳ್ಳು ಹೇಳಿದೆ. ಎತ್ತುಗಳಿಗೆ ಹೊಸ ಲಾಳ ಕಟ್ಟಿಸಿದ್ದಾರಂತೆ, ದೊಡ್ಡಪ್ಪ ಅನ್ನ ಸೀಯಿಸಿಬಿಟ್ಟರಂತೆ ಎಂದೆಲ್ಲ. ಅದನ್ನು ಕೇಳಿ ದೊಡ್ಡಮ್ಮ ನಕ್ಕುಬಿಟ್ಟರು. ತಲೆ ಅಲುಗಿತೆಂದು ನರ್ಸು ಗದರಿದಳು. ಮರುದಿನ ಬೆಳಿಗ್ಗೆ ಮತ್ತೆ ಕುಂಕುಮದ ಭರಣಿ ತೆರೆಯಬೇಕಿತ್ತು. ಇಡದಿದ್ದರೆ ಕೇಳುತ್ತಾರೆ. ಇಡಲು ಬೆರಳು ಏಳುತ್ತಿರಲಿಲ್ಲ. ಇಟ್ಟು, ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ಅತ್ತು ಬರುತ್ತಿದ್ದೆ. ಅವರ ಪಾಲಿನದನ್ನೂ ನಾನೇ ಅಳುತ್ತಿದ್ದೇನೆ ಎನಿಸುತ್ತಿತ್ತು.

ಹತ್ತನೇ ದಿನ ಪಟ್ಟಿ ಬಿಚ್ಚಿದರು. ಡಾಕ್ಟರು ಎತ್ತಿದ ಬೆರಳನ್ನು ದೊಡ್ಡಮ್ಮ ಎಣಿಸಿದರು. ಕನ್ನಡಕ ಬರುವವರೆಗೆ ಎಲ್ಲ ಮಸುಕೇ, ಆದರೂ ಬಣ್ಣ ತಿಳಿಯುತ್ತಿತ್ತು. ಆಗ ಹೇಳಬೇಕಿತ್ತು. ನಾನು ಬಟ್ಟೆಬರೆ ಗಂಟು ಕಟ್ಟತೊಡಗಿದೆ. ರೈಲಿನಲ್ಲಿ ಅವರು ಕಿಟಕಿಯಿಂದ ಹೊರಗೆ ನೋಡುತ್ತ, ಹಸಿರು ಕಾಣುತ್ತದೆ, ನೀರು ಕಾಣುತ್ತದೆ ಎನ್ನುತ್ತಿದ್ದರು.

ಕುಂಬಳೆಯಲ್ಲಿ ಅಪ್ಪ ಬೇರೆಯವರ ಗಾಡಿ ತಂದು ಕಾಯುತ್ತಿದ್ದರು. ದೊಡ್ಡಮ್ಮ ಗಾಡಿಯ ಮುಂದೆ ನಿಂತುಬಿಟ್ಟರು.

"ನಮ್ಮ ಎತ್ತು ಬಿಳಿ ಅಲ್ವಾ? ಇದು ಕೆಂಪು ಉಂಟು."

ಅಪ್ಪನೇ ವಿಷಯ ಹೇಳಿದರು. ದೊಡ್ಡಮ್ಮ "ಯಾವತ್ತು?" ಎಂದು ಮಾತ್ರ ಕೇಳಿದರು. ದಿನ ತಿಳಿದ ಮೇಲೆ ನನ್ನ ಕಡೆ ತಿರುಗಿದರು. ಅವರ ಕೈ ಹಣೆಗೆ ಹೋಯಿತು.

"ಇವತ್ತೂ ಇಟ್ಟಿದ್ದೀಯಲ್ಲ ನೀನು..."

ಅದರಲ್ಲಿ ಕೋಪ ಇತ್ತೋ, ಮರುಕ ಇತ್ತೋ, ನನಗೆ ಇಂದಿಗೂ ತಿಳಿದಿಲ್ಲ. ಅವರು ಅಳಲಿಲ್ಲ. ದೊಡ್ಡಪ್ಪ ಮಾಡಿಸಿದ ಕಣ್ಣು, ಅದನ್ನು ಹಾಳು ಮಾಡುವುದಿಲ್ಲ ಎಂದರು. ದಾರಿಯುದ್ದಕ್ಕೂ ಗಾಡಿಯ ಕಂಬ ಹಿಡಿದು ಕುಳಿತಿದ್ದರು. ಕಣ್ಣು ಉಳಿಯಿತು.

ದಪ್ಪ ಗಾಜಿನ ಕನ್ನಡಕ ಬಂದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದ ದೊಡ್ಡಮ್ಮ ಮೆಲ್ಲಗೆ ಕೇಳಿದರು: "ಸ್ಟೇಷನ್ನಿನಲ್ಲಿ ನೀನು ನೋಡಿದ್ದೀಯಲ್ಲ. ಅವರ ಮೀಸೆ ಪೂರ್ತಿ ಬೆಳ್ಳಗಾಗಿತ್ತಾ?"

ನಾಲ್ಕು ವರ್ಷದಿಂದ ಅವರು ಆ ಮುಖ ಕಂಡಿರಲಿಲ್ಲ. ಮನೆಯಲ್ಲಿ ಫೋಟೋ ಇರಲಿಲ್ಲ. ನಾನು ಗಮನಿಸಿರಲೂ ಇಲ್ಲ.

"ಇಲ್ಲ ದೊಡ್ಡಮ್ಮ, ಅರ್ಧ ಮಾತ್ರ."

"ನಾನೂ ಹಾಗೇ ಎಣಿಸಿದ್ದೆ," ಎಂದು ಎದ್ದು ಹೋದರು.

ದೊಡ್ಡಮ್ಮ ಹೋಗಿ ಬಹಳ ವರ್ಷಗಳಾದವು. ಈಗ ನಾನು ಸುಮ್ಮನೆ ಕುಳಿತಾಗಲೆಲ್ಲ ಆ ಪ್ಲಾಟ್‌ಫಾರಂ ಮೇಲೆ ನಿಂತ ದೊಡ್ಡಪ್ಪನನ್ನು ನೆನೆಯಲು ನೋಡುತ್ತೇನೆ. ಮುಂಡಾಸು ಬರುತ್ತದೆ, ಕೈಯಲ್ಲಿದ್ದ ಬಾರುಕೋಲು ಬರುತ್ತದೆ. ಮುಖ ಬರುವುದಿಲ್ಲ. ಅದನ್ನು ಕಂಡವರು ಇನ್ನಾರೂ ಉಳಿದಿಲ್ಲ...