ಖಾಲಿ ಓಡುತ್ತಿದ್ದ ಮಿಲ್ಲು

ಆಕೆಯ ಹುಬ್ಬು ಯಾವತ್ತೂ ಬೆಳ್ಳಗಿರುತ್ತಿತ್ತು. ವಯಸ್ಸಿಗೆ ನರೆತದ್ದಲ್ಲ, ಹಿಟ್ಟು. ಎಷ್ಟು ಸಲ ಸೆರಗಿನಿಂದ ಮುಖ ಒರೆಸಿಕೊಂಡರೂ ಹಣೆ, ಕೆನ್ನೆ ಎಲ್ಲ ಕರ್ರಗೆ ಹೊಳೆದು ಹುಬ್ಬು ಮಾತ್ರ ಹಾಗೇ ಉಳಿಯುತ್ತಿತ್ತು. ಬೋಗಾದಿಯ ಹಳೇ ಊರಿನೊಳಗೆ, ಬಾಡಿಗೆ ಬಿಲ್ಡಿಂಗುಗಳ ನಡುವೆ ಒತ್ತಿಕೊಂಡು ನಿಂತಿದ್ದ ಹಿಟ್ಟಿನ ಮಿಲ್ಲು ಆಕೆಯದು. ಇಡೀ ಬೀದಿಗೆ ಆಕೆ ಮಿಲ್ಲಮ್ಮ. ತಂದೆತಾಯಿ ಇಟ್ಟ ಹೆಸರು ವೋಟರ್ ಲಿಸ್ಟಿನಲ್ಲಿ ಇದ್ದಿರಬೇಕು, ನಾನಂತೂ ಯಾರ ಬಾಯಲ್ಲೂ ಕೇಳಲಿಲ್ಲ.

ಹೊಲವೆಲ್ಲ ಲೇಔಟ್ ಆದಾಗ ಊರಿನ ಅರ್ಧ ಜನ ತಲೆ ಮೇಲೆ ಕೈ ಹೊತ್ತು ಕೂತರಂತೆ. ಈಕೆ ಕೂರಲಿಲ್ಲ. "ಒಲ ಓಯ್ತು, ಬಾಡಿಗೆಯೋರು ಬಂದ್ರು. ಬಾಡಿಗೆಯೋರೂ ಮುದ್ದೆ ಉಣ್ಬೇಕಲ್ವಾ?" ಅಂದು ಮಿಲ್ಲು ಹಾಕಿಸಿದರು. ಬಾಯಿ ಅಂದರೆ ಬಾಯಿ. ಅಂಗಡಿಯ ಪ್ಯಾಕೆಟ್ ಹಿಟ್ಟು ತರುವ ಕಾಲೇಜು ಹುಡುಗಿಯರನ್ನು ರಸ್ತೆಯಲ್ಲೇ ತಡೆದು, "ಅದ್ರಲ್ಲಿ ಕಟ್ಟಿದ್ರೆ ಮುದ್ದೆ ಆಗಕಿಲ್ಲ ಕಣ್ರವ್ವ, ಗೋಡೆಗೆ ಬಳಿಯೋ ಪುಟ್ಟಿ ಆಯ್ತದೆ" ಅನ್ನುತ್ತಿದ್ದರು. ಆ ಹುಡುಗಿಯರು ನಗುತ್ತಾ ಮುಂದಿನ ವಾರ ರಾಗಿ ಹಿಡಿದುಕೊಂಡು ಬಂದು ನಿಲ್ಲುತ್ತಿದ್ದರು.

ನಮ್ಮ ಮನೆ ದಟ್ಟಗಳ್ಳಿಯಲ್ಲಿ. ನಮ್ಮಕ್ಕನನ್ನು ಕೊಟ್ಟದ್ದು ಬೋಗಾದಿಗೆ. ನಾನು ಡಿಗ್ರಿ ಓದುತ್ತಿದ್ದೆ, ಭಾನುವಾರ ಸ್ಕೂಟಿಯಲ್ಲಿ ಹೋಗಿ ಅಕ್ಕನನ್ನೂ ಅವಳ ರಾಗಿ ಡಬ್ಬವನ್ನೂ ಮಿಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವಳು ಒಳಗೆ, ನಾನು ಹೊರಗೆ ಸ್ಕೂಟಿ ಮೇಲೆ. ಮಿಲ್ಲು ಗಡಗಡ ಅಂತ ಓಡುತ್ತಲೇ ಇರುತ್ತಿತ್ತು. ಅರ್ಧ ಡಬ್ಬ ರಾಗಿಗೆ ಇಷ್ಟು ಹೊತ್ತಾ ಅಂತ ಗೊಣಗುತ್ತಾ ಮೊಬೈಲು ನೋಡುತ್ತಿದ್ದೆ.

ಒಳಗೆ ನಡೆಯುತ್ತಿದ್ದದ್ದು ನನಗೆ ಗೊತ್ತಾದದ್ದು ಆಮೇಲೆ. ಈಗಲೇ ಹೇಳಿಬಿಡುತ್ತೇನೆ. ಖಾಲಿ ಮಿಲ್ಲನ್ನು ಯಾರೂ ಓಡಿಸುವುದಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿ ಸವೆಯುತ್ತದೆ, ಕರೆಂಟು ದಂಡ. ಆದರೆ ಮಿಲ್ಲಮ್ಮ ಓಡಿಸುತ್ತಿದ್ದರು. ಅಳಬೇಕು ಅಂತ ಬಂದ ಹೆಂಗಸರಿಗಾಗಿ! ಮನೆಯಲ್ಲಿ ಅತ್ತರೆ ಅತ್ತೆಗೆ ಕೇಳುತ್ತದೆ, ತಾರಸಿಯಲ್ಲಿ ಅತ್ತರೆ ಪಕ್ಕದ ಬಿಲ್ಡಿಂಗಿಗೆ ಕೇಳುತ್ತದೆ. ಮಿಲ್ಲಿನ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಹಿಟ್ಟು ಬಿದ್ದು ಮುಗಿದ ಮೇಲೂ ಆಕೆ ಮೋಟಾರು ಆರಿಸದೆ, ಮೂಲೆಯ ಮೂಟೆ ತೋರಿಸಿ, "ಕೂತ್ಕ ಮಗಾ, ಅತ್ಕ" ಅನ್ನುತ್ತಿದ್ದರು. ನಮ್ಮಕ್ಕ ಆ ಮೂಟೆಯ ಮೇಲೆ ಕೂತು ಅತ್ತಿದ್ದಾಳೆ. ತೋಳಿನ ಕಂದು ಗುರುತು ತೋರಿಸಿದ್ದಾಳೆ. "ನಿಮ್ಮಪ್ಪಂಗೆ ಏಳು" ಅಂದರೆ, "ಹೇಳ್ದೆ ಅಮ್ಮಾ. ಸ್ವಲ್ಪ ತಾಳ್ಕೋ ಅಂದ್ರು" ಅಂದಿದ್ದಾಳೆ.

ಮಿಲ್ಲಮ್ಮನಿಗೆ ಇನ್ನೊಂದು ಕೆಲಸವಿತ್ತು. ಅದು ಆಕೆ ಕೇಳಿ ಪಡೆದದ್ದಲ್ಲ. ಯಾರಾದರೂ ಹೊಡೆತಕ್ಕೋ ಅಪಘಾತಕ್ಕೋ ಸಿಕ್ಕಿ, ಇಲ್ಲವೇ ಅನುಮಾನ ಬರುವ ಹಾಗೆ ಸತ್ತರೆ, ಪೊಲೀಸರು ಊರಿನವರ ಎದುರಲ್ಲೇ ಹೆಣವನ್ನು ನೋಡಿ, ಕಂಡದ್ದನ್ನು ಬರೆದು, ಅವರಿಂದ ರುಜು ಹಾಕಿಸಬೇಕು. ಅದು ಪಂಚನಾಮೆ. ರುಜು ಹಾಕಿದವರು ನಾಳೆ ಕೋರ್ಟಿಗೂ ಹೋಗಬೇಕಾದೀತು. ಹಾಗಾಗಿ ಪೊಲೀಸ್ ಜೀಪು ನಿಧಾನವಾದರೆ ಸಾಕು, ಬೇಕರಿ, ಸಲೂನು, ಮೊಬೈಲ್ ಅಂಗಡಿ ಎಲ್ಲ ಷಟರ್ ಎಳೆದು ಮಾಯ. ಮಿಲ್ಲಿಗೆ ಷಟರ್ ಇರಲಿಲ್ಲ. ಇದ್ದಿದ್ದರೂ ಆಕೆ ಎಳೆಯುತ್ತಿರಲಿಲ್ಲ ಬಿಡಿ. "ಅಯ್ಯೋ, ಎಲ್ಲಿಗ್ ಓಡೀರ್ರೋ? ಸಾವೇನು ಸಾಲಗಾರನಾ, ಬಾಗ್ಲು ಆಕಿದ್ರೆ ವಾಪಸ್ ಓಗಕೆ?" ಅಂತ ಬೀದಿಗೆ ಕೇಳುವ ಹಾಗೆ ಬೈದು, ಮುಖ ಒರೆಸಿಕೊಂಡು ಜೀಪು ಹತ್ತುತ್ತಿದ್ದರು. ಸತ್ತದ್ದು ಹೆಂಗಸಾದರಂತೂ ಆಕೆಯೇ ಹೋಗಬೇಕು.

ಅಲ್ಲಿ ಆಕೆಯದೇ ಒಂದು ಪದ್ಧತಿ. ಯಾರೂ ಕಲಿಸಿದ್ದಲ್ಲ. ಬಟ್ಟೆ ಸರಿಸುವ ಮೊದಲು ಹೆಣದ ತಲೆಯ ಹತ್ತಿರ ನಿಂತು ಮಾತಾಡುತ್ತಿದ್ದರು, ಹೆರಿಗೆಗೆ ಬಂದ ಹುಡುಗಿಯನ್ನು ಸಮಾಧಾನ ಮಾಡುವ ದನಿಯಲ್ಲಿ. ಪೊಲೀಸರು ಕಾದು ನಿಲ್ಲುತ್ತಿದ್ದರು.

ಒಂದು ಬೆಳಗ್ಗೆ ನಮ್ಮಕ್ಕನ ಗಂಡನ ಮನೆಯಿಂದ ಫೋನು ಬಂತು. ಹೊಟ್ಟೆನೋವು ತಾಳಲಾರದೆ ತಾನೇ ಜೀವ ಕಳೆದುಕೊಂಡಳು ಅಂದರು. ನಾವು ಹೋಗುವ ಹೊತ್ತಿಗೆ ಅವಳನ್ನು ಶವಾಗಾರಕ್ಕೆ ಸಾಗಿಸಿ ಆಗಿತ್ತು. ನಮ್ಮಮ್ಮ ಶವಾಗಾರದ ಮುಂದೆ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು. ಮೆಲ್ಲಗೆ, ಜನ ಕೇಳಿಸಿಕೊಳ್ತಾರೆ ಅಂತ ಅಪ್ಪ ಗದರಿದ್ದರು. ನಾನೂ ದುಪಟ್ಟಾ ಕಚ್ಚಿಕೊಂಡೆ.

ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣು ಸತ್ತಿದ್ದರಿಂದ ಪಂಚನಾಮೆಗೆ ಪೊಲೀಸರ ಬದಲು ತಹಶೀಲ್ದಾರರೇ ಬಂದಿದ್ದರು. ಸ್ವಲ್ಪ ಹೊತ್ತಿಗೆ ಜೀಪಿನಿಂದ ಮಿಲ್ಲಮ್ಮ ಇಳಿದರು. ಸತ್ತವಳು ಯಾರು ಅಂತ ಆಕೆಗೆ ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿದರು, ಸ್ಕೂಟಿ ಹುಡುಗಿ ಅಂತ ಗುರುತು ಸಿಕ್ಕಿತು, ಆ ಬಿಳಿ ಹುಬ್ಬು ಮೇಲೆ ಹೋಗಿ ಅಲ್ಲೇ ನಿಂತಿತು. ಒಳಗೆ ಹೋದರು. ಬಾಗಿಲ ಹೊರಗೆ ನಿಂತಿದ್ದ ನನಗೆ ಕೇಳಿಸಿತು:

"ಮಗಾ, ನಾನು ಮಿಲ್ಲಮ್ಮ ಬಂದಿವ್ನಿ. ಇವ್ರು ನಿನ್ನ ನೋಡ್ತಾರೆ, ಬರ್ಕೊತಾರೆ. ನಾಚ್ಕೊಬ್ಯಾಡ. ಎದ್ರುಕೊಬ್ಯಾಡ. ನಾ ಇಲ್ಲೇ ಇವ್ನಿ."

ಆಮೇಲೆ ಗುಮಾಸ್ತರು ಬರೆದದ್ದನ್ನು ಓದಿದರು. ತೋಳಿನ ಕಂದು ಬಚ್ಚಲಲ್ಲಿ ಜಾರಿ ಬಿದ್ದದ್ದು, ಸಾವು ಹೊಟ್ಟೆನೋವಿನಿಂದ ಬೇಸತ್ತು. ಹೀಗೆಂದು ತಂದೆಯೇ ಹೇಳಿದ್ದಾರೆ ಅಂತ. ಹೌದು, ನಮ್ಮಪ್ಪನೇ ಹಾಗೆ ಹೇಳಿದ್ದರು.

"ನಾನು ಇದುಕ್ಕೆ ರುಜು ಆಕಕಿಲ್ಲ ಸ್ವಾಮಿ" ಅಂದರು ಮಿಲ್ಲಮ್ಮ.

"ಯಾಕಮ್ಮಾ? ಅವರಪ್ಪನೇ ಹೇಳ್ತಿದ್ದಾರಲ್ಲ" ಅಂದರು ತಹಶೀಲ್ದಾರರು.

"ಅವ್ರು ಏಳ್ಬೋದು. ಈ ಮಗ ನನ್ ಮಿಲ್ಲಲ್ಲಿ ಕೂತು ಅತ್ತವ್ಳೆ, ತೋಳು ತೋರ್ಸವ್ಳೆ. ಒಟ್ಟೆ ನೋವಾದ್ರೆ ತೋಳು ಯಾಕೆ ಕಂದೋದದು?"

ಅಪ್ಪ ಆಕೆಯನ್ನು ಪಕ್ಕಕ್ಕೆ ಕರೆದು ಎರಡೂ ಕೈ ಜೋಡಿಸಿದರು. "ತಾಯೀ, ನಿಮ್ಮ ದಮ್ಮಯ್ಯ. ಹೋದವಳಂತೂ ಹೋದ್ಲು. ಇವಳೊಬ್ಬಳು ಇದ್ದಾಳೆ. ಕೇಸು, ಕೋರ್ಟು ಅಂತ ಆದ್ರೆ ಇವಳನ್ನ ಯಾರು ತಗೋತಾರೆ?"

ಇವಳು ಅಂದರೆ ನಾನು. ಅಕ್ಕನ ಸಾವನ್ನು ಸುಳ್ಳು ಮಾಡುತ್ತಿದ್ದದ್ದು ನನ್ನ ಮದುವೆಗಾಗಿ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಿಲ್ಲಮ್ಮ ನನ್ನನ್ನು ಒಮ್ಮೆ, ಅಪ್ಪನನ್ನು ಒಮ್ಮೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ.

"ಯಜಮಾನ್ರೇ, ಅವ್ಳುನ್ನೂ ಯಾರೋ ತಕ್ಕಂಡೇ ಓಗಿದ್ರಲ್ವಾ?" ಅಂದರು. "ನಾಳೀಕೆ ಇವ್ಳಿಗೂ ಒಟ್ಟೆನೋವು ಬಂದ್ರೆ?"

ಅಪ್ಪ ಜೋಡಿಸಿದ್ದ ಕೈ ಇಳಿಸಿದರು. ತಹಶೀಲ್ದಾರರ ಹತ್ತಿರ ಹೋಗಿ, "ಸಾರ್, ನಾನು ಹೇಳಿದ್ದು ಸುಳ್ಳು. ನನ್ನ ಮಗಳು ಹೊಡೀತಾರಪ್ಪ ಅಂತ ಫೋನ್ ಮಾಡಿದ್ಲು. ನಾನೇ ತಾಳ್ಕೋ ಅಂದೆ" ಅಂದರು. ತಹಶೀಲ್ದಾರರು ಎಲ್ಲವನ್ನೂ ಹೊಸದಾಗಿ ಬರೆಸಿದರು. ಮಿಲ್ಲಮ್ಮ ರುಜು ಹಾಕಿ, ಅಪ್ಪನಿಗೆ ನೀರು ಕುಡಿಸಿದರು.

ಕೇಸು ಎಳೆಯಿತು. ಕರೆದಾಗಲೆಲ್ಲ ಆಕೆ ಮಿಲ್ಲು ನಿಲ್ಲಿಸಿ ಕೋರ್ಟಿಗೆ ಬಂದರು. ಆ ಕಡೆಯ ವಕೀಲರು, "ನೀವು ಪೊಲೀಸರ ಕಾಯಂ ಸಾಕ್ಷಿ ಅಲ್ವೇನ್ರೀ?" ಅಂತ ಕುಟುಕಿದರೆ, "ಊಂ ಸ್ವಾಮಿ. ಮಿಕ್ಕೋರೆಲ್ಲ ಬಾಗ್ಲು ಆಕ್ಕಂಡ್ರೆ ನಾನೇ ಕಾಯಂ ಆಯ್ತೀನಿ" ಅಂದರು. ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಆಕೆ ನಗಲಿಲ್ಲ. ಕೊನೆಗೆ ಅಕ್ಕನ ಗಂಡನಿಗೆ ಶಿಕ್ಷೆಯಾಯಿತು.

ಆದರೆ ನನಗೆ ಮರೆಯಲಾಗದ್ದು ಕೋರ್ಟಲ್ಲ. ಅಕ್ಕನ ತಿಥಿ ಮುಗಿಸಿ ನಾನು ಮಿಲ್ಲಿಗೆ ಹೋದ ದಿನ. ಒಂದು ಮಾತು ಹೇಳಿ ಬರೋಣ ಅಂತ ಹೋಗಿದ್ದೆ. ಆಕೆ ನನ್ನನ್ನು ಅದೇ ಮೂಟೆಯ ಮೇಲೆ ಕೂರಿಸಿ, ತಾವು ನೆಲಕ್ಕೆ ಕೂತು ಹಣೆ ಚಚ್ಚಿಕೊಂಡರು. "ನನ್ ಬುದ್ಧಿಗಿಷ್ಟು ಬೆಂಕಿ ಆಕ. ಅಳಕೆ ಜಾಗ ಕೊಟ್ಟೆ ಅಂತ ದೊಡ್ಡಸ್ತಿಕೆ ಪಟ್ಕಂಡೆ ಕಣವ್ವ. ಮಿಲ್ಲು ಓಡ್ಸದೆ ಇದ್ದಿದ್ರೆ ಬೀದಿಗಾದ್ರೂ ಕೇಳ್ತಿತ್ತು. ಒಬ್ರಾದ್ರೂ ಬಂದು ಏನು ಅಂತ ಕೇಳೋರು. ನಾನೇ ನಿಮ್ಮಕ್ಕುನ್ ಬಾಯಿ ಮುಚ್ಬುಟ್ನಲ್ಲವ್ವ!"

ಹಾಗಲ್ಲಮ್ಮ, ಅಂದೆ. ಆಕೆ ಒಪ್ಪಲಿಲ್ಲ.

ಅಲ್ಲಿಂದ ಮುಂದೆ ಪದ್ಧತಿ ತಿರುಗುಮುರುಗಾಯಿತು. ಕಣ್ಣು ತುಂಬಿಕೊಂಡು ಯಾರಾದರೂ ಬಂದರೆ ಮೋಟಾರು ಟಕ್ಕನೆ ಬಂದ್. "ಈಗ ಅಳು. ಗಟ್ಟಿಯಾಗ್ ಅಳು. ಬೀದಿಗೆಲ್ಲ ಕೇಳ್ಲಿ!" ಸಾಲಿನಲ್ಲಿದ್ದವರು ಮುಖ ಸಿಂಡರಿಸಿದರೆ, "ಮುದ್ದೆ ಒಂದ್ಗಳಿಗೆ ತಡ ಆದ್ರೆ ಯಾರೂ ಸಾಯಕಿಲ್ಲ, ಸುಮ್ಕಿರ್ರೋ" ಅಂತ ಗದರುತ್ತಿದ್ದರು. ಮಿಲ್ಲಿನ ಸದ್ದು ನಿಂತರೆ ಅಕ್ಕಪಕ್ಕದ ಹೆಂಗಸರು ಒಲೆ ಆರಿಸಿ ಓಡಿ ಬರುವುದು ರೂಢಿಯಾಯಿತು. ಹಾಗೆ ಬಂದವರೇ ಒಬ್ಬ ಹುಡುಗಿಯನ್ನು ಆಟೋ ಹತ್ತಿಸಿ ತವರಿಗೆ ಬಿಟ್ಟು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹುಡುಗಿ ಈಗ ಕುವೆಂಪುನಗರದಲ್ಲಿ ಟೈಲರಿಂಗ್ ಮಾಡುತ್ತಾಳೆ, ನನ್ನ ರವಿಕೆ ಹೊಲಿಯುವವಳು ಅವಳೇ.

ನನ್ನ ಮದುವೆಯೂ ಆಯಿತು, ಅಪ್ಪ ಹೆದರಿದ ಹಾಗೆ ಏನೂ ಆಗಲಿಲ್ಲ. ಮಿಲ್ಲಮ್ಮ ಅಕ್ಷತೆ ಹಾಕುತ್ತಾ ನನ್ನ ಗಂಡನಿಗೆ, "ನೆಟ್ಟಗೆ ನೋಡ್ಕಳಪ್ಪ. ಇಲ್ದಿದ್ರೆ ನಾನು ಜೀಪಲ್ಲಿ ಬತ್ತೀನಿ" ಅಂದರು. ನನ್ನ ಗಂಡ ಇವತ್ತಿಗೂ ಪೊಲೀಸ್ ಜೀಪು ಕಂಡರೆ ನನ್ನ ಕಡೆ ತಿರುಗಿ ಕೈ ಮುಗಿಯುತ್ತಾರೆ.

ಹೋದ ವರ್ಷ ಒಂದು ಬೆಳಗ್ಗೆ ಆಕೆ ಮೂಟೆಯ ಮೇಲೆ ಕೂತವರು ಏಳಲಿಲ್ಲ. ವಯಸ್ಸಾಗಿತ್ತು, ನೆಮ್ಮದಿಯ ಸಾವು. ಪಂಚನಾಮೆ ಬೇಕಿರಲಿಲ್ಲ. ನಾನು ಹೋದಾಗ ಮೈ ತೊಳೆಸಿ ಮಿಲ್ಲಿನ ಮುಂದೆ ಮಲಗಿಸಿದ್ದರು. ಹುಬ್ಬಿನ ಹಿಟ್ಟು ಹೋಗಿ ಕಪ್ಪಗೆ ಕಾಣುತ್ತಿತ್ತು, ಒಂದು ಗಳಿಗೆ ಇವರು ಯಾರೋ ಅನ್ನಿಸಿತು. ತಲೆಯ ಹತ್ತಿರ ಬಗ್ಗಿ, "ಮಿಲ್ಲಮ್ಮಾ, ನಾನು ಬಂದಿದ್ದೀನಿ. ಎಲ್ಲರೂ ನೋಡ್ತಾರೆ, ನಾಚ್ಕೋಬೇಡಿ" ಅಂದೆ. ಅಷ್ಟು ಅನ್ನುವುದರೊಳಗೆ ಅವತ್ತು ಶವಾಗಾರದ ಮುಂದೆ ಕಚ್ಚಿ ಹಿಡಿದಿದ್ದ ಅಳುವೆಲ್ಲ ಕಿತ್ತುಕೊಂಡು ಬಂತು. ಆಕೆಗೆ ಎಷ್ಟೋ, ಅಕ್ಕನಿಗೆ ಎಷ್ಟೋ.

ಯಾರೋ ನೆಂಟರು ಭುಜ ಹಿಡಿದು, "ಮೆಲ್ಲಗೆ ಕಣಮ್ಮ, ಬೀದಿಗೆಲ್ಲ ಕೇಳುತ್ತೆ" ಅಂದರು.

ಮಿಲ್ಲು ನಿಂತಿತ್ತು. "ಕೇಳ್ಲಿ" ಅಂದೆ.